ಯಾರ ಹಬ್ಬ, ಯಾರ ರಜೆ?

2024ರ ಏಪ್ರಿಲ್ 10, ಬುಧವಾರ. ಕೆಲಸದ ನಿಮಿತ್ತ ಸಿಂಗಪುರಕ್ಕೆ ಹೋಗಿದ್ದ ನನಗೆ ಅಂದು ಸಾರ್ವಜನಿಕ ರಜೆ ಎಂಬುದು ತಿಳಿದದ್ದು ಹಿಂದಿನ ಸಂಜೆ. ಮಲಯ ಭಾಷೆಯಲ್ಲಿ ಹರಿ ರಾಯ ಪುವಾಸಾ; ನಾವು ಹೇಳುವ ರಂಜಾನ್ ಹಬ್ಬ. ಊರು ನೋಡೋಣವೆಂದು ಮೆಟ್ರೊ ಹತ್ತಿದೆ. ಅಪ್ಪ, ಅಮ್ಮ, ಮಕ್ಕಳೆಲ್ಲ ಒಂದೇ ಬಣ್ಣದ ಹೊಸ ಉಡುಪು ತೊಟ್ಟ ಮಲಯ ಕುಟುಂಬಗಳು ಬೋಗಿಯ ತುಂಬ. ಎದುರಿಗಿದ್ದ ಚೀನೀ ಮೂಲದ ವೃದ್ಧೆಯೊಬ್ಬರು ಅವರಿಗೆ ಮಲಯದಲ್ಲೇ ಶುಭಾಶಯ ಹೇಳಿದರು.

ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಇಳಿದು ನಡೆದೆ. ತಮಿಳು ಮುಸ್ಲಿಮರು 1826ರಲ್ಲಿ ಸ್ಥಾಪಿಸಿದ ಜಾಮೆ ಮಸೀದಿ, ಅದರಿಂದ ಕೂಗಳತೆಯಲ್ಲಿ 1827ರ ಮಾರಿಯಮ್ಮನ್ ದೇವಸ್ಥಾನ. ಸುತ್ತಲೂ ಚೀನೀಯರ ಅಂಗಡಿಬೀದಿ. ಈ ನೆರೆಹೊರೆ ತಾನಾಗಿಯೇ ಒದಗಿದ್ದೆಂದು ಭಾವಿಸಬೇಕಿಲ್ಲ. 1964ರ ಜುಲೈ 21ರಂದು ಪ್ರವಾದಿಯವರ ಜನ್ಮದಿನದ ಮೆರವಣಿಗೆಯಲ್ಲೇ ಅಲ್ಲಿ ಮಲಯರು ಮತ್ತು ಚೀನೀಯರ ನಡುವೆ ಗಲಭೆ ಹೊತ್ತಿಕೊಂಡು ಹಲವರು ಪ್ರಾಣ ತೆತ್ತಿದ್ದರು.

1968ರಲ್ಲಿ ಸರ್ಕಾರ ಸಾರ್ವಜನಿಕ ರಜೆಗಳನ್ನು 16ರಿಂದ 11ಕ್ಕೆ ಇಳಿಸಿತು. ಯಾವುದನ್ನು ಬಿಡಬೇಕೆಂದು ಸಮುದಾಯಗಳನ್ನೇ ಕೇಳಲಾಯಿತು. ಮುಸ್ಲಿಮರು ಪ್ರವಾದಿಯವರ ಜನ್ಮದಿನದ ರಜೆಯನ್ನು ಬಿಟ್ಟರು; ಹಿಂದೂಗಳು ದೀಪಾವಳಿಯನ್ನು ಉಳಿಸಿಕೊಂಡು ತೈಪೂಸಂ ರಜೆಯನ್ನು ಕಳೆದುಕೊಂಡರು. ಆ ಕೊರಗು ಇನ್ನೂ ಪೂರ್ತಿ ಹೋಗಿಲ್ಲ. ಆದರೂ ನಷ್ಟವನ್ನು ಎಲ್ಲರೂ ಹಂಚಿಕೊಂಡರೆಂಬುದು ಮುಖ್ಯ. ರಜೆಗಳು ಹೆಚ್ಚಾದವೆಂದು ಆಗಾಗ ದೂರುವ ನಾವು ಈ ಕ್ರಮವನ್ನು ಗಮನಿಸಬಹುದು.

ನಮ್ಮಲ್ಲಿ ಚಂದ್ರದರ್ಶನವೇ ಹಬ್ಬವನ್ನು ನಿರ್ಧರಿಸುತ್ತದೆ. ಆ ವರ್ಷ ನಮ್ಮ ಕರಾವಳಿಯಲ್ಲಿ 10ರಂದೇ ಹಬ್ಬ ನಡೆದರೆ, ಬೆಂಗಳೂರಿನಲ್ಲಿ 11ರಂದು. ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. 'ನಾಳೆ ರಜೆ ಕಣೋ, ಎಲ್ಲಿಗೂ ಹೋಗೋದಿಲ್ಲ. ಮೈಸೂರು ರಸ್ತೆ ಕಡೆಯಂತೂ ತಲೆಯೇ ಹಾಕೋದಿಲ್ಲ' ಎಂದ. ನಕ್ಕೆ, ಮರುಕ್ಷಣವೇ ನಾಚಿಕೆಯಾಯಿತು. ನನಗೂ ರಂಜಾನ್ ಎಂದರೆ ಇಷ್ಟು ವರ್ಷ ಈದ್ಗಾ ಬಳಿಯ ಸಂಚಾರ ಬದಲಾವಣೆಯ ಪ್ರಕಟಣೆ ಮತ್ತು ಒಂದು ದಿನದ ನಿದ್ದೆ, ಅಷ್ಟೇ.

ಸಿಂಗಪುರದ ಸಾಮರಸ್ಯದಲ್ಲಿ ಕಾನೂನಿನ ಬಿಗಿ ಬಹಳವಿದೆ. ಅದನ್ನು ಹಾಗೆಯೇ ನಕಲು ಮಾಡಬೇಕೆಂದು ನಾನು ವಾದಿಸುವುದಿಲ್ಲ. ಕಾನೂನು ರಜೆ ಕೊಡಬಲ್ಲದು, ಪರಿಚಯವನ್ನಲ್ಲ. ನೆರೆಯವನ ಹಬ್ಬದಲ್ಲಿ ರಜೆಯನ್ನು ಮಾತ್ರ ತೆಗೆದುಕೊಂಡು ಹಬ್ಬವನ್ನು ಅವನಿಗೇ ಬಿಟ್ಟುಬಿಡುವ ಊರಿನಲ್ಲಿ, ಅವನ ಬಗ್ಗೆ ಯಾರು ಏನು ಹೇಳಿದರೂ ನಂಬುವುದು ಸುಲಭ. ಅಲ್ಲಗಳೆಯಲು ನಮ್ಮ ಬಳಿ ಸ್ವಂತ ಅನುಭವವೇ ಇರುವುದಿಲ್ಲ.

2025ರ ರಂಜಾನ್‌ನಂದು, ಹತ್ತು ವರ್ಷ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದ ಸಹೋದ್ಯೋಗಿಯ ಮನೆಗೆ ಮೊದಲ ಬಾರಿ ಹೋದೆ. ಅವರ ತಾಯಿ ಶೀರ್ ಖುರ್ಮಾದ ಬಟ್ಟಲು ಕೈಗಿತ್ತು, 'ಇಷ್ಟು ದಿನ ಯಾಕೆ ಬರಲಿಲ್ಲಪ್ಪ?' ಎಂದು ಕೇಳಿದರು. ನನ್ನ ಮನೆಯಿಂದ ಅವರ ಮನೆಗೆ ಎರಡೇ ಬಡಾವಣೆಗಳ ದೂರ. ನನ್ನಲ್ಲಿ ಉತ್ತರವಿರಲಿಲ್ಲ.