ಎಂಜಿನ್ ಬದಲಿಸುವ ಮುನ್ನ ನಾಲ್ಕು ಪುಟ



ಕಳೆದ ಯುಗಾದಿಗೆ ತೀರ್ಥಹಳ್ಳಿಗೆ ಬಂದಿದ್ದ ನನ್ನ ತಂಗಿಯ ಮಗ, ಹೋಳಿಗೆ ಊಟ ಮುಗಿಸಿ ಕೈ ತೊಳೆದವನೇ ನೇರವಾಗಿ ಹಿತ್ತಲಿನ ಶೆಡ್ಡಿಗೆ ಹೋದ. ಅಲ್ಲಿ ಹಳೆಯ ಟಾರ್ಪಾಲಿನ ಕೆಳಗೆ ನಿಮ್ಮಲ್ಲಿ ಅನೇಕರಿಗೆ ಪರಿಚಿತವಾದ ನನ್ನ ಪದ್ಮಿನಿ ಕಾರು ನಿಂತಿದೆ. ಸ್ವಲ್ಪ ಹೊತ್ತಿಗೆ ಹಿಂದಿರುಗಿದವನು, "ಮಾವ, ಇದರ ಎಂಜಿನ್ ತೆಗೆದು ಬೇರೆಯದು ಹಾಕಿಸೋಣ. ಹಣ ನಾನು ಕೊಡುತ್ತೇನೆ. ಹೆಂಡತಿ ಮಗುವನ್ನು ಕೂರಿಸಿಕೊಂಡು ಆಗುಂಬೆ ಇಳಿದು ಉಡುಪಿಗೆ ಹೋಗಬೇಕೆಂಬ ಆಸೆ. ನೀವು ಹ್ಞೂಂ ಅಂದರೆ ಸಾಕು" ಎಂದ.

ನಾನು ಹ್ಞೂಂ ಎನ್ನಲಿಲ್ಲ. "ನಾಲ್ಕು ಪುಟ ಬರೆದು ತಾ, ಆಮೇಲೆ ನೋಡೋಣ ಮಾರಾಯ" ಎಂದೆ. ಅವನಿಗೆ ಬೇಸರವಾಯಿತು. ಮುದುಕರಾದ ಮೇಲೆ ಮಾವನಿಗೆ ಹೊಸತೆಂದರೆ ಆಗದು ಎಂದು ತನ್ನ ತಾಯಿಯ ಬಳಿ ಹೇಳಿಕೊಂಡನಂತೆ. ಆ ಮಾತಿಗೆ ಉತ್ತರವಾಗಿ, ಮತ್ತು ಇಂಥದೇ ಆಸೆ ಇಟ್ಟುಕೊಂಡಿರುವ ನಿಮ್ಮಲ್ಲಿ ಕೆಲವರಿಗೆ ಉಪಯೋಗವಾಗಲೆಂದು, ಈ ಲೇಖನ.

ಮೊದಲು ಕಾರಿನ ವಿಷಯ. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ 1964ರಿಂದ ತಯಾರಿಸುತ್ತಿದ್ದ ಫಿಯೆಟ್ 1100 ಕಾರಿಗೇ 1974ರಲ್ಲಿ ಪದ್ಮಿನಿ ಎಂಬ ನಾಮಕರಣವಾಯಿತು. ನನ್ನದು 1982ರ ಮಾದರಿ. ಕೊಪ್ಪದ ಕಡೆಯ ಕಾಫಿ ತೋಟದವರೊಬ್ಬರಿಂದ 1994ರಲ್ಲಿ ಎರಡನೆಯ ಕೈಗೆ ಕೊಂಡದ್ದು. ನಾಲ್ಕು ಸಿಲಿಂಡರು, 1089 ಸಿಸಿ, ಸುಮಾರು 40 ಅಶ್ವಶಕ್ತಿ, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನ ಬಸ್ಸು ತಪ್ಪಿದ ಮಕ್ಕಳನ್ನು ಇದರಲ್ಲಿ ಆರಾರು ಜನರಂತೆ ತುಂಬಿಕೊಂಡು ಹೋದದ್ದನ್ನು ನಿಮ್ಮಲ್ಲಿ ಕೆಲವರು ಮರೆತಿರಲಾರಿರಿ.

ನನ್ನ ಅಳಿಯನ ಯೋಜನೆ ಅವಿವೇಕದ್ದೇನೂ ಅಲ್ಲ. ಅದೇ ಕಾರ್ಖಾನೆಯಿಂದ 1985ರಲ್ಲಿ ಹೊರಬಂದ 118 ಎನ್‌ಇ ಎಂಬ ಕಾರಿಗೆ ನಿಸ್ಸಾನ್ ವಿನ್ಯಾಸದ 1171 ಸಿಸಿ ಎಂಜಿನ್ ಇತ್ತು. ಶಕ್ತಿ ಸುಮಾರು 52 ಅಶ್ವಶಕ್ತಿ. ಅದೂ ಉದ್ದುದ್ದವಾಗಿ ಕೂರುವ, ಹಿಂದಿನ ಚಕ್ರಗಳನ್ನು ತಿರುಗಿಸುವ, ಕಾರ್ಬುರೇಟರಿನ ಎಂಜಿನ್ನೇ. ಪದ್ಮಿನಿಗೆ ಅದನ್ನು ಕೂರಿಸಿಕೊಂಡವರಿದ್ದಾರೆ. ಅವನ ಗೆಳೆಯನೊಬ್ಬ ಮಾರುತಿ ಎಸ್ಟೀಮಿನ 1298 ಸಿಸಿ ಎಂಜಿನ್ ಹಾಕಿಸು ಎಂದನಂತೆ. ಆದರೆ ಅದು ಎಸ್ಟೀಮಿನಲ್ಲಿ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸುವಂಥದು. ಪದ್ಮಿನಿಗೆ ಬೇಕಾದರೆ ಅದನ್ನು ಉದ್ದಕ್ಕೆ ತಿರುಗಿಸಿ ಬೇರೆ ಗೇರ್‌ಬಾಕ್ಸ್ ಜೋಡಿಸಬೇಕು. ಎಂಪಿಎಫ್‌ಐ ಮಾದರಿಯಾದರೆ ಅದರ ಕಂಪ್ಯೂಟರು, ಸೆನ್ಸರುಗಳು, ವಿದ್ಯುತ್ ಪೆಟ್ರೋಲ್ ಪಂಪು ಇಷ್ಟೂ ಜೊತೆಗೆ ಬರಬೇಕು. ಅಷ್ಟರಮಟ್ಟಿಗೆ ಅಳಿಯನ ಆಯ್ಕೆಯೇ ಮೇಲು.

ಹಾಗಾದರೆ ನನ್ನ ತಕರಾರೇನು? ಮೂವತ್ತೈದು ವರ್ಷ ತರಗತಿಯಲ್ಲಿ ಭೌತಶಾಸ್ತ್ರ ಹೇಳಿದವನ ತಕರಾರು ಒಂದೇ: ದತ್ತ ಬರೆಯದೆ ಉತ್ತರ ಬರೆಯಬಾರದು. ನಾನು ಕೇಳಿದ ನಾಲ್ಕು ಪುಟಗಳು ಇವು.

ಮೊದಲ ಪುಟ, ಈಗಿರುವ ಎಂಜಿನ್ನಿಗೆ ನಿಜವಾಗಿ ಏನಾಗಿದೆ? "ಎಳೆಯುವುದಿಲ್ಲ, ಬಿಸಿಯಾಗುತ್ತದೆ, ಹೊಗೆ ಬರುತ್ತದೆ" ಎಂಬುದು ರೋಗಲಕ್ಷಣವೇ ಹೊರತು ರೋಗವಲ್ಲ. ಕಂಪ್ರೆಷನ್ ಪರೀಕ್ಷೆ ಅರ್ಧ ಗಂಟೆಯ ಕೆಲಸ. ಎಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ಗುಗಳನ್ನು ಬಿಚ್ಚಿ, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದೇ ಸಿಲಿಂಡರಿಗೆ ಗೇಜ್ ಹಚ್ಚಿ ಸ್ಟಾರ್ಟರ್ ತಿರುಗಿಸಬೇಕು. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗು ಸವೆದಿದೆ ಎಂದು ತಿಳಿಯಬಹುದು. ಏರದಿದ್ದರೆ ಅನುಮಾನ ವಾಲ್ವಿನ ಮೇಲೆ. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಸೋತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಬಿಸಿಯಾಗುವುದಕ್ಕೆ ಕಟ್ಟಿಕೊಂಡ ರೇಡಿಯೇಟರೊಂದೇ ಸಾಕು. ಅದೇ ರೇಡಿಯೇಟರಿಗೆ ಹೆಚ್ಚು ಶಕ್ತಿಯ ಎಂಜಿನ್ ಜೋಡಿಸಿದರೆ ಅದೂ ಕುದಿಯುತ್ತದೆ. ಇನ್ನು 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಯಿತು. ಹಳೆಯ ಕಾರುಗಳ ರಬ್ಬರ್ ಕೊಳವೆ, ಗ್ಯಾಸ್ಕೆಟ್‌ಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಆದರೆ 118 ಎನ್‌ಇಯ ಎಂಜಿನ್ನೂ ಅದೇ ಕಾಲದ್ದು. ಆದ್ದರಿಂದ ಎಂಜಿನ್ ಬದಲಿಸಿದರೆ ಆ ತೊಂದರೆ ಬದಲಾಗುವುದಿಲ್ಲ.

ಎರಡನೆಯ ಪುಟ, ಎಂಜಿನ್ನಿನೊಡನೆ ಇನ್ನೇನೇನು ಬದಲಾಗಬೇಕು? ಹೊಸ ಎಂಜಿನ್ ಕೂರಲು ಹೊಸ ಆಧಾರಗಳನ್ನು ಬೆಸೆಯಬೇಕು. ಲಾರಿಗಿರುವಂತೆ ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ, ದೇಹವೇ ಚಾಸಿ. ತುಕ್ಕು ಹಿಡಿದ ತಗಡಿಗೆ ಬೆಸೆದ ಆಧಾರ ಎಷ್ಟು ದಿನ ನಿಂತೀತು? ಕ್ಲಚ್ಚು, ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಸೈಲೆನ್ಸರ್ ಕೊಳವೆ ಎಲ್ಲವೂ ಪಟ್ಟಿಗೆ ಸೇರಬೇಕು. ಸ್ಟಿಯರಿಂಗ್ ಪಕ್ಕದ ಗೇರು ಹೋಗಿ ನೆಲದಲ್ಲಿ ರಂಧ್ರ ಕೊರೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ನಿಮಗೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಕಾರು 80ರಲ್ಲಿ ಹೋದರೆ ವೇಗ ಹೆಚ್ಚಿದ್ದು ಮೂರನೆಯ ಒಂದು ಭಾಗ ಮಾತ್ರ, ಆದರೆ ಬ್ರೇಕು ನುಂಗಬೇಕಾದ ಶಕ್ತಿ 36ರಿಂದ 64ಕ್ಕೆ, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಏರಿತು. ಆಗುಂಬೆಯ ತಿರುವುಗಳಲ್ಲಿ ಒಂದಾದ ಮೇಲೊಂದು ಬ್ರೇಕ್ ಒತ್ತುತ್ತ ಹೋದರೆ ಡ್ರಮ್ಮು ಕಾದು ಹಿಡಿತ ಸಡಿಲವಾಗುತ್ತದೆ. ಘಾಟಿಯಲ್ಲಿ ಹತ್ತುವುದು ಎಂಜಿನ್ನಿನ ಕೆಲಸವಾದರೆ ಇಳಿಯುವುದು ಬ್ರೇಕಿನ ಕೆಲಸ. ನನ್ನ ಅಳಿಯನ ಯೋಜನೆಯಲ್ಲಿ ಹತ್ತುವುದಿತ್ತು, ಇಳಿಯುವುದಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂರುವುದು ಮೂರು ವರ್ಷದ ಮಗು ಎಂಬುದನ್ನು ಅವನಿಗೆ ನೆನಪಿಸಬೇಕಾಯಿತು.

ಕಾರ್ಖಾನೆಗಳೇ ಎಂಜಿನ್ ಬದಲಿಸಿಲ್ಲವೇ ಎಂದು ಅವನು ವಾದಿಸಿದ. ನಿಜ. 118 ಎನ್‌ಇ ಎಂಬುದೇ ಫಿಯೆಟ್ 124ರ ದೇಹಕ್ಕೆ ನಿಸ್ಸಾನ್ ಎಂಜಿನ್ ಕೂರಿಸಿದ ಕಾರು. ಅಂಬಾಸಡರಿಗೂ 1992ರಲ್ಲಿ ಇಸುಜುವಿನ 1817 ಸಿಸಿ ಎಂಜಿನ್ ಬಂತು. ಆದರೆ ಅಂಬಾಸಡರಿಗೆ ಆ ಎಂಜಿನ್ನಿನೊಡನೆ ಐದು ಗೇರುಗಳ ಹೊಸ ಗೇರ್‌ಬಾಕ್ಸೂ ಬಂತು, 118 ಎನ್‌ಇಯ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕೂ ಇತ್ತು. ಅವರು ಎಂಜಿನ್ ಒಂದನ್ನೇ ಬದಲಿಸಲಿಲ್ಲ ಎಂಬುದೇ ನಾವು ಕಲಿಯಬೇಕಾದ ಪಾಠ.

ಮೂರನೆಯ ಪುಟ, ಕಾಗದಪತ್ರ. ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕಾಗಿದೆ.

ನಮ್ಮ ಶಾಲೆಯಲ್ಲಿ ನನಗಿಂತ ಹಿರಿಯರಾದ ಸಹೋದ್ಯೋಗಿಯೊಬ್ಬರಿದ್ದರು. ಅವರ ಬಳಿಯೂ ಇಂಥದೇ ಕಾರಿತ್ತು. 1998ರ ಮಳೆಗಾಲದಲ್ಲಿ ಅದರ ಎಂಜಿನ್ ಸೀಜ್ ಆಯಿತು. ಪೇಟೆಯ ಗ್ಯಾರೇಜೊಂದರ ವಿಳಾಸ ಕೊಟ್ಟವನು ನಾನೇ. ಅಲ್ಲಿನವರು ಗುಜರಿಗೆ ಹೋಗಬೇಕಿದ್ದ ಇನ್ನೊಂದು ಕಾರಿನ ಎಂಜಿನ್ನನ್ನು ಎರಡೇ ದಿನದಲ್ಲಿ ಕೂರಿಸಿಕೊಟ್ಟರು. ಬಿಲ್ಲಿಲ್ಲ, ರಸೀದಿಯಿಲ್ಲ, ಯಾವ ಕಾರಿನ ಎಂಜಿನ್ ಎಂಬುದಕ್ಕೆ ಒಂದು ಚೀಟಿಯೂ ಇಲ್ಲ. "ಯಾರು ನೋಡುತ್ತಾರೆ ಬಿಡಿ ಮೇಷ್ಟ್ರೇ" ಎಂದರು. ನಾವಿಬ್ಬರೂ ನಕ್ಕು ಬಂದೆವು.

ನೋಡುವ ದಿನ ಬಂತು. 2004ರಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಮಗಳ ಮದುವೆಯ ಖರ್ಚಿಗೆಂದು ಅವರ ಶ್ರೀಮತಿಯವರು ಕಾರು ಮಾರಲು ಹೊರಟಾಗ, ಸಾರಿಗೆ ಕಚೇರಿಯಲ್ಲಿ ಎಂಜಿನ್ ಸಂಖ್ಯೆ ನೋಂದಣಿ ಪುಸ್ತಕಕ್ಕೆ ತಾಳೆಯಾಗಲಿಲ್ಲ. ಕಳವಿನ ಎಂಜಿನ್ ಅಲ್ಲವೆಂದು ತೋರಿಸಿ ಎಂದರು ಅಧಿಕಾರಿ. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ವೇಳೆಗೆ ಗ್ಯಾರೇಜು ಮುಚ್ಚಿಹೋಗಿತ್ತು. ಐದು ಸಲ ಆ ತಾಯಿಯೊಡನೆ ಬಸ್ಸಿನಲ್ಲಿ ಹೋಗಿ ಬಂದೆ. ಕಡೆಗೆ ಆ ಕಾರು ತೂಕದ ಲೆಕ್ಕದಲ್ಲಿ ಹೋಯಿತು. "ಇರಲಿ ಬಿಡಿ, ನೀವೇನು ಮಾಡುತ್ತೀರಿ" ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಕಾನೂನನ್ನು ಗಮನವಿಟ್ಟು ಓದಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿಗೆ 2000ದಲ್ಲಿ ತಿದ್ದುಪಡಿಯಾದಂದಿನಿಂದ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಒತ್ತಿಹೇಳಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮುಂತಾದವುಗಳಿಗೆ ಪರಿವರ್ತಿಸುವ ಕಿಟ್‌ಗಳಿಗೆ ನಿಯಮಬದ್ಧವಾದ ದಾರಿಯುಂಟು. ಎಂಜಿನ್ ಬದಲಾದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ಪತ್ರದಲ್ಲಿ ಬರೆಸಬೇಕು. ಅದೇ ಜಾತಿಯ ಎಂಜಿನ್ ಹಾಕಿಸುವುದು ಬೇರೆ, 1089 ಸಿಸಿಯ ಜಾಗದಲ್ಲಿ 1171 ಸಿಸಿಯ ಬೇರೆ ಎಂಜಿನ್ ಹಾಕಿಸುವುದು ಬೇರೆ. ಕಚೇರಿಯವರು ಒಪ್ಪದೆ ಹೋಗಬಹುದು. ಆದಕಾರಣ ಅನುಮತಿ ಲಿಖಿತವಾಗಿ ಕೈಗೆ ಬಂದ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು. ವಿಮಾ ಕಂಪನಿಗೂ ತಿಳಿಸಬೇಕು, ಇಲ್ಲವಾದರೆ ಅಪಘಾತದ ದಿನ ಪರಿಹಾರಕ್ಕೆ ಕಲ್ಲು ಬೀಳಬಹುದು. ಎಂಜಿನ್ ಮಾರಿದವರಿಂದ ಸಂಖ್ಯೆ ನಮೂದಿಸಿದ ರಸೀದಿ, ಅದು ಬಂದ ಕಾರಿನ ನೋಂದಣಿ ಪತ್ರದ ಪ್ರತಿ ಪಡೆದಿಟ್ಟುಕೊಳ್ಳಬೇಕು.

ಇನ್ನೊಂದು ಮಾತು. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ಕಾರುಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಗೆ ಅವಕಾಶವಾಯಿತು. ನನ್ನ ಕಾರಿಗೆ 2032ರಲ್ಲಿ 50 ತುಂಬುತ್ತದೆ. ಎಂಜಿನ್ ಬದಲಿಸಿದರೆ ಆ ಬಾಗಿಲು ಮುಚ್ಚಿದಂತೆಯೇ. ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನ ಕೊನೆಗೆ ಕಣ್ಮರೆಯಾದವು. ಇರುವ ಕೆಲವಾದರೂ ಇದ್ದ ಹಾಗೆಯೇ ಇರಲಿ ಎಂಬ ಆಸೆ ನನಗಿರುವುದು ಸುಳ್ಳಲ್ಲ. ಆದರೆ ಅದು ನನ್ನ ಆಸೆಯಷ್ಟೆ, ವಾದವಲ್ಲ.

ನಾಲ್ಕನೆಯ ಪುಟ, ಹಣ ಮತ್ತು ಕಾಲ. ಎಂಜಿನ್ನಿನ ಬೆಲೆಯನ್ನು ಮಾತ್ರ ಬರೆದರೆ ಅದು ಲೆಕ್ಕವಲ್ಲ. ಲೇತ್ ಕೆಲಸ, ಬೆಸುಗೆ, ಬ್ರೇಕು, ರೇಡಿಯೇಟರು, ಕಚೇರಿಯ ಶುಲ್ಕ ಎಲ್ಲವನ್ನೂ ಕೂಡಿಸಿ, ಮೇಲೆ ಮೂರನೆಯ ಒಂದು ಭಾಗ ಹೆಚ್ಚು ಇಟ್ಟುಕೊಳ್ಳಬೇಕು. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವೇ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದ್ದನ್ನು ಮರೆಯಬಾರದು. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದು, ಇರುವ ಎಂಜಿನ್ನನ್ನೇ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್, ವಾಲ್ವ್ ಹಾಕಿಸಿದರೆ ಏನಾಗುತ್ತದೆಂದು ಬರೆಯಬೇಕು. ಎರಡು ಮೊತ್ತ ಎದುರುಬದುರು ನಿಂತಾಗ ಮನಸ್ಸು ತಾನಾಗಿ ತಿಳಿಯಾಗುತ್ತದೆ.

ಎಂಜಿನ್ ಬದಲಾವಣೆಯೇ ಪಾಪವೆಂದು ನಾನು ಹೇಳುತ್ತಿಲ್ಲ. ಬ್ಲಾಕು ಬಿರುಕು ಬಿಟ್ಟು, ಬಿಡಿಭಾಗ ಎಲ್ಲಿಯೂ ಸಿಗದೆ ಹೋದರೆ ಬೇರೆ ದಾರಿಯಿಲ್ಲ. ಆಗಲೂ ಈ ನಾಲ್ಕು ಪುಟಗಳನ್ನು ಬರೆದವನಿಗೆ ಕಾರು ಉಳಿಯುತ್ತದೆ. ಬರೆಯದವನ ಕಾರು ಎಂಜಿನ್ ಒಂದು ಕಡೆ, ದೇಹ ಇನ್ನೊಂದು ಕಡೆಯಾಗಿ ಗ್ಯಾರೇಜಿನ ಹಿತ್ತಿಲಲ್ಲಿ ಮಳೆಗೆ ನೆನೆಯುತ್ತಿರುತ್ತದೆ. ಅಂಥವನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಕೆಲವು ವಾರ ಅಳಿಯನಿಂದ ಫೋನು ಬರಲಿಲ್ಲ. ಕಳೆದ ಭಾನುವಾರ ಹೇಳದೆ ಕೇಳದೆ ಬಂದಿಳಿದ. ಕೈಯಲ್ಲಿ ಒಂದು ಕಂಪ್ರೆಷನ್ ಗೇಜಿತ್ತು. ಚಾರ್ಜ್ ಮಾಡಿದ ಬ್ಯಾಟರಿ ಹಾಕಿ ಇಬ್ಬರೂ ಸೇರಿ ನೋಡಿದೆವು. ಮೂರು ಸಿಲಿಂಡರುಗಳಲ್ಲಿ ಮುಳ್ಳು ಸರಿಸುಮಾರು ಒಂದೇ ಕಡೆ ನಿಂತಿತು. ಮೂರನೆಯದರಲ್ಲಿ ಮಾತ್ರ ಅರ್ಧಕ್ಕೂ ಏರಲಿಲ್ಲ. ಎಣ್ಣೆ ಬಿಟ್ಟು ನೋಡಿದರೂ ಅಷ್ಟೇ. ವಾಲ್ವ್ ಸುಟ್ಟಿರಬೇಕು. ಹಾಗಿದ್ದರೆ ಸದ್ಯಕ್ಕೆ ಬಿಚ್ಚಬೇಕಾದ್ದು ಹೆಡ್ಡು, ಎಂಜಿನ್ ಅಲ್ಲ.

"ಮೊದಲ ಪುಟ ಆಯಿತಲ್ಲ ಮಾವ. ಉಳಿದ ಮೂರು ಬರೆದು ತಂದರೆ ನಿಸ್ಸಾನ್ ಎಂಜಿನ್ನಿಗೆ ಸಹಿ ಹಾಕುತ್ತೀರಾ?" ಎಂದ. ಆಸೆ ಅವನನ್ನು ಇನ್ನೂ ಬಿಟ್ಟಿಲ್ಲ. ನೋಂದಣಿ ಪತ್ರದಲ್ಲಿರುವುದು ನನ್ನ ಹೆಸರು, ಹಾಕಬೇಕಾದವನೂ ನಾನೇ. "ಪುಟಗಳು ಸರಿಯಿದ್ದು, ಕಚೇರಿಯ ಅನುಮತಿ ಬಂದರೆ ಹಾಕುತ್ತೇನೆ. ಆದರೆ ಮೊದಲು ಬ್ರೇಕು ಮಾಡಿಸು" ಎಂದೆ. ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು ಎಂಬುದು ಅವನಿಗೂ ಗೊತ್ತು, ನಿಮಗೂ ಗೊತ್ತು.

ಹೆಡ್ಡು ಈಗ ಲೇತಿಗೆ ಹೋಗಿದೆ. ಬಂದ ಮೇಲೆ ಕಾರು ಹೇಗೆ ಎಳೆಯುತ್ತದೆಂಬುದನ್ನು ಬರೆಯುತ್ತೇನೆ.