ವಹಿವಾಟಿನ ಅಳತೆಗೋಲಿಗೆ ಸಿಗದ ದುಡಿಮೆ

ಉದ್ಯಮಿಗಳಿಗಾಗಿ ಏರ್ಪಡುವ ತರಬೇತಿ ಶಿಬಿರಗಳಲ್ಲಿ ಧ್ಯೇಯವಾಕ್ಯ ರಚನೆಗೆ ಒಂದು ಅವಧಿ ಮೀಸಲಿಡುವುದು ವಾಡಿಕೆ. ಗುಣಮಟ್ಟ, ಬದ್ಧತೆ, ಗ್ರಾಹಕರ ತೃಪ್ತಿ ಎಂಬ ಪದಗಳು ಚೌಕಟ್ಟಿನೊಳಗೆ ಸೇರಿ ಗೋಡೆಗೇರುತ್ತವೆ. ಆ ಪದಗಳಲ್ಲಿ ದೋಷವೇನೂ ಇಲ್ಲ. ಆದರೆ ಉದ್ಯಮಿಯ ನಿಜವಾದ ಕಾರ್ಯನಿಯಮ ಗೋಚರಿಸುವುದು, ಯಾವುದನ್ನು ಮಾಡಲು ಒಪ್ಪದೆ ಆತ ಎಷ್ಟು ನಷ್ಟಕ್ಕೆ ಸಿದ್ಧನಾದ ಎಂಬುದರಲ್ಲಿ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ಇತಿಹಾಸ ಈ ದೃಷ್ಟಿಯಿಂದ ಗಮನಾರ್ಹ. ಕರಾವಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಸಣ್ಣ ಉಪಾಹಾರ ಗೃಹವದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ಅಲ್ಲಿನ ಅಡುಗೆಮನೆಯಲ್ಲಿ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ನಡೆಯಿತು. ರವೆ ಇಡ್ಲಿಯ ಹುಟ್ಟು ಇದೇ ಎಂಬುದು ಸಂಸ್ಥೆಯ ಹೇಳಿಕೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ತೆರಳಿ ಅಲ್ಲಿನ ಭೋಜನಗೃಹಗಳ ನೈರ್ಮಲ್ಯ ಕ್ರಮಗಳನ್ನು ಕಂಡುಬಂದರು. ಹಿಂದಿರುಗಿದ ಮೇಲೆ ಪಾತ್ರೆಗಳನ್ನು ರೋಗಾಣುರಹಿತಗೊಳಿಸುವ ಪದ್ಧತಿಯನ್ನು ತಮ್ಮಲ್ಲಿ ಜಾರಿಗೆ ತಂದರು. ತಟ್ಟೆ ಲೋಟ ತೊಳೆಯುವ ಕ್ರಮವನ್ನು ತಿದ್ದಿಕೊಳ್ಳಲು ಸಮುದ್ರ ದಾಟಿದ ಪಾಠ! ಅಂದಿನ ಅನೇಕ ಹೋಟೆಲ್ ಮಾಲೀಕರಿಗೆ ಇದು ವ್ಯರ್ಥ ಖರ್ಚೆಂದೇ ತೋರಿದ್ದೀತು.

ನಿಯಮದ ನಿಜವಾದ ಪರೀಕ್ಷೆ ನಡೆದದ್ದು ತುರ್ತುಪರಿಸ್ಥಿತಿಯ ದಿನಗಳಲ್ಲಿ. ತಿಂಡಿ ತಿನಿಸುಗಳನ್ನು ಅತ್ಯಲ್ಪ ದರಕ್ಕೆ ಮಾರಬೇಕೆಂಬ ಕಟ್ಟಳೆ ಬಂದಿತು. ಅಂತಹ ಸಂದರ್ಭದಲ್ಲಿ ತುಪ್ಪ ಇಳಿಸುವುದು, ಕಾಫಿಗೆ ನೀರು ಬೆರೆಸುವುದು ಸುಲಭದ ದಾರಿ. ಹೆಚ್ಚಿನ ಗಿರಾಕಿಗಳಿಗೆ ಅದು ಕೂಡಲೇ ತಿಳಿಯುವುದೂ ಇಲ್ಲ. ಆ ದರಕ್ಕೆ ತಮ್ಮ ಗುಣಮಟ್ಟ ಉಳಿಯದೆಂದು ಕಂಡಾಗ ಮಯ್ಯ ಕುಟುಂಬ ಉಪಾಹಾರ ಗೃಹವನ್ನೇ ಕೆಲಕಾಲ ಮುಚ್ಚಿತು. ಕೆಲಸಗಾರರನ್ನು ಕೈಬಿಡದೆ ಮಸಾಲೆಪುಡಿ ಹಾಗೂ ಸಿದ್ಧ ಹಿಟ್ಟುಗಳ ಮಾರಾಟಕ್ಕೆ ತೊಡಗಿತು.

ಏಕಾಗ್ರತೆಯೆಂದರೆ ಹೊಸತಕ್ಕೆ ಬಾಗಿಲು ಮುಚ್ಚುವುದೆಂದು ವಾದಿಸುವವರು ಇಲ್ಲಿ ಕೊಂಚ ನಿಂತು ನೋಡಬೇಕು. ಪೊಟ್ಟಣದ ವ್ಯಾಪಾರ ಹೊಸದೇ ಆಗಿತ್ತು, ಆದರೆ ಪೊಟ್ಟಣದೊಳಗಿದ್ದುದು ಅದೇ ಅಡುಗೆಮನೆಯ ತಿಳಿವಳಿಕೆ. ಆ ಆಹಾರೋತ್ಪನ್ನ ಘಟಕ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಉಪಾಹಾರ ಗೃಹ ಮಾತ್ರ ಕುಟುಂಬದಲ್ಲಿಯೇ ಉಳಿಯಿತು. ಈ ಮಾರಾಟದ ಕುರಿತು ಭಿನ್ನಾಭಿಪ್ರಾಯಗಳಿರಬಹುದು. ದುಡ್ಡಿಗಾಗಿ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಕೊಡಲಾಗದು ಎಂಬ ಗೆರೆಯಂತೂ ಅಲ್ಲಿ ಸ್ಪಷ್ಟವಾಗಿತ್ತು.

ಇಂದಿನ ಸಣ್ಣ ಉದ್ದಿಮೆದಾರನಿಗೆ ಈ ಗೆರೆ ಎಳೆಯುವುದು ಕಷ್ಟಸಾಧ್ಯ. ದೋಸೆಯ ಹೋಟೆಲಿನಲ್ಲಿ ನೂಡಲ್ಸ್ ಇಲ್ಲದಿದ್ದರೆ ಗಿರಾಕಿ ಪಕ್ಕದ ಬಾಗಿಲಿಗೆ ಹೋದಾನೆಂಬ ಭಯ. ಮೊಬೈಲಿನ ಮೂಲಕ ಆಹಾರ ತಲುಪಿಸುವ ಕಂಪನಿಗಳ ರಿಯಾಯಿತಿ ಪೈಪೋಟಿ ಬೇರೆ. ಎರಡನೆಯ ಶಾಖೆಗೆ ಸಾಲ ಕೇಳಿದರೆ ಬ್ಯಾಂಕಿನವರಿಗೆ ಲೆಕ್ಕ ಅರ್ಥವಾಗುತ್ತದೆ. ಇರುವ ಒಂದೇ ಅಡುಗೆಮನೆಯನ್ನು ಉತ್ತಮಪಡಿಸಲು ಕೇಳಿದರೆ ಲಾಭವೆಲ್ಲಿ ಎಂಬ ಪ್ರಶ್ನೆ ಏಳುತ್ತದೆ.

ವಾಣಿಜ್ಯ ಸಂಘಗಳೂ ಈ ಒತ್ತಡದಲ್ಲಿ ಪಾಲುದಾರರೇ. ವಾರ್ಷಿಕ ಸನ್ಮಾನಗಳಿಗೆ ಸಾಮಾನ್ಯವಾಗಿ ವಹಿವಾಟು, ರಫ್ತು, ಶಾಖೆಗಳ ಸಂಖ್ಯೆಯೇ ಅಳತೆಗೋಲು. ಒಂದೇ ಸರಕನ್ನು 25 ವರ್ಷ ಮಾಡುತ್ತ, ವರ್ಷದಿಂದ ವರ್ಷಕ್ಕೆ ಅದನ್ನು ಉತ್ತಮಗೊಳಿಸಿದ ಮಗ್ಗದವನಿಗೋ ಎರಕದ ಕೆಲಸದವನಿಗೋ ಆ ಅರ್ಜಿ ನಮೂನೆಯಲ್ಲಿ ತುಂಬಲು ಅಂಕಣವೇ ಇರುವುದಿಲ್ಲ. ಮುಂದಿನ ವರ್ಷದ ನಮೂನೆ ಮುದ್ರಣಕ್ಕೆ ಹೋಗುವ ಮೊದಲೇ ಆ ಒಂದು ಅಂಕಣವನ್ನು ಸೇರಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು.