ಆರು ಪೆಟ್ಟಿಗೆ, ಎರಡು ದನಿ

ತಾಂತ್ರಿಕ ವಿಷಯವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡಿದವನು ನಾನು. ಮನೆಗೆ ಬಂದ ರಿಸೀವರಿನ ಕೈಪಿಡಿಯಲ್ಲಿ ಹಲವು ಭಾಷೆಗಳಿದ್ದವು, ಕನ್ನಡವಿರಲಿಲ್ಲ. ಜೋಡಿಸಲು ಬಂದ ಹುಡುಗ ಡಿವಿಡಿ ಪ್ಲೇಯರಿನ ಕೆಂಪು-ಬಿಳಿ ತಂತಿ ಸಿಕ್ಕಿಸಿ, "ಸರೌಂಡ್ ಬಂತು ಸರ್" ಎಂದು ಹಣ ಎಣಿಸಿಕೊಂಡು ಹೊರಟ. ಕೋಗಿಲಿನಲ್ಲಿ ನಾನು ಕಂಡ ಇನ್ನೂ ಕೆಲವು ಮನೆಗಳಲ್ಲಿ ಇದೇ ಕಥೆ. ಮೋಸವೋ ಅಜ್ಞಾನವೋ, ಬೆಲೆ ತೆರುವವರು ನಾವು.

ಪ್ರಿಯ ವಿದ್ಯಾರ್ಥಿಗಳೇ, ವಿಷಯ ಇಷ್ಟೇ. ಕೆಂಪು ತಂತಿ ಬಲದ ದನಿ, ಬಿಳಿಯದು ಎಡದ ದನಿ. ಮೂರನೆಯದಕ್ಕೆ ಅಲ್ಲಿ ಜಾಗವಿಲ್ಲ. ಹಿಂದಿನ ಪೆಟ್ಟಿಗೆಗಳು ನುಡಿದರೂ ಅದು ರಿಸೀವರು ಆ ಎರಡರಿಂದಲೇ ಊಹಿಸಿ ಹಂಚಿದ್ದು. ಡಿಸ್ಕಿನಲ್ಲಿರುವ ಡಾಲ್ಬಿ 5.1, ಅಂದರೆ ಐದು ದನಿ ಮತ್ತೊಂದು ಮಂದ್ರ, ಒಂದೇ ತಂತಿಯಲ್ಲಿ ಪೂರ್ತಿ ಬರಬೇಕಾದರೆ ಆಪ್ಟಿಕಲ್, ಕೋಆಕ್ಸಿಯಲ್ ಅಥವಾ ಎಚ್‌ಡಿಎಂಐ ಬೇಕು. ಆಮೇಲೆ ಪ್ಲೇಯರಿನ ಆಡಿಯೋ ಸೆಟಪ್‌ನಲ್ಲಿ 'ಪಿಸಿಎಂ' ಬಿಟ್ಟು 'ಬಿಟ್‌ಸ್ಟ್ರೀಮ್' ಆರಿಸಬೇಕು. ಇಲ್ಲವಾದರೆ ಆಪ್ಟಿಕಲ್ ತಂತಿಯಲ್ಲೂ ಎರಡೇ ದನಿ. ಬ್ಲೂ-ರೇಯ ಡಾಲ್ಬಿ ಟ್ರೂಎಚ್‌ಡಿಗಂತೂ ಆಪ್ಟಿಕಲ್ ಸಾಲದು.

ಇದರಲ್ಲಿ ಕನ್ನಡಕ್ಕೆ ಒಗ್ಗದ್ದು ಯಾವುದಿತ್ತು? (1954ರ 'ಬೇಡರ ಕಣ್ಣಪ್ಪ' ನೋಡುವವರಿಗೆ ಇದಾವುದೂ ಬೇಡ, ಅದರ ಮೂಲ ದನಿಯೇ ಒಂದು.)

ಹಣ ಕೊಡುವ ಮುನ್ನ 5.1ರ ಡಿಸ್ಕ್ ಹಾಕಿಸಿ, ರಿಸೀವರಿನ ಮುಖದಲ್ಲಿ 'ಡಾಲ್ಬಿ ಡಿಜಿಟಲ್' ಮೂಡಿತೇ ನೋಡಿ. ಮೂಡದಿದ್ದರೆ ಹುಡುಗನನ್ನು ಬಯ್ಯಬೇಡಿ, ಕಳಿಸಲೂ ಬೇಡಿ. ಕಾಫಿ ಕೊಟ್ಟು ಕೂರಿಸಿ, ತಂತಿ ಬದಲಿಸಿ.